ಖಾಲಿ ಕುಂತ ಕಂಪ್ಯೂಟರ್

ಆಳಂದಕ್ಕ ಹೋಗ್ರಿ, ಜೇವರ್ಗಿಗೆ ಹೋಗ್ರಿ, ಮಗನ ಓದಿಗಂತ ತಂದ ಕಂಪ್ಯೂಟರ್ ಮೂಲ್ಯಾಗ ಖಾಲಿ ಕುಂತಿರ್ತದ. ಮ್ಯಾಲ ಕಸೂತಿ ವಸ್ತ್ರ, ದಸರಾಕ್ಕೊಮ್ಮೆ ಕುಂಕುಮ. ಮಗ ಮೊಬೈಲ್ ಬಿಟ್ಟು ಮ್ಯಾಲ ನೋಡಾಂವಲ್ಲ. ಇಂಥ ಕಂಪ್ಯೂಟರಿಗೂ ಒಂದು ಕೆಲಸ ಅದ. ಔಷಧ ಹುಡುಕೋದು!

“ಅಯ್ಯ, ಈ ಡಬ್ಬಿ ಔಷಧ ಹೆಂಗ ಹುಡುಕ್ತದೋ ತಮ್ಮಾ?” ಅಂತಾನ ಮುತ್ಯಾ. ಕೇಳಬೇಕಾದ ಮಾತೇ. ಅಫಜಲಪುರದವರಿಗೆ ಹೇಳೋದು ಸರಳ. ಗಾಣಗಾಪುರದಾಗ ದತ್ತನ ಭಕ್ತರು ಐದು ಮನಿ ತಿರುಗಿ ಮಧುಕರಿ ಬೇಡ್ತಾರಲ್ಲ, ಹಂಗ 2000ದಾಗ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜಯ್ ಪಾಂಡೆ ಅನ್ನೋರು ಜೋಳಿಗಿ ಹಿಡಿದು ಲೋಕದ ಮನಿಮನಿಗೆ ಹೊಂಟ್ರು. ಬೇಡಿದ್ದು ಹಿಟ್ಟಲ್ಲ, ಲೆಕ್ಕ. ಯೋಜನೆ ಹೆಸರು ಫೋಲ್ಡಿಂಗ್ ಅಟ್ ಹೋಮ್.

ರೋಗಾಣುವಿನ ಪ್ರೋಟೀನು ಸುಮ್ಮ ಕುಂದ್ರೂದಿಲ್ಲ. ಮಡಚ್ತದ, ಹೊರಳ್ತದ. ಹೊರಳುವಾಗ ಎಲ್ಲೋ ಒಂದು ಸಂದು ತೆರೀತದ, ಔಷಧ ಕುಂದ್ರೂ ಜಾಗ ಅದೇ ಇರಬಹುದು. ಆ ಹೊರಳಾಟದ ಲೆಕ್ಕ ಒಂದೇ ಮಷೀನಿಗೆ ಹಚ್ಚಿದ್ರ ವರ್ಷಗಟ್ಟಲೆ ಮುಗಿಯೂದಿಲ್ಲ. ಅದಕ್ಕ ತುಂಡು ಮಾಡಿ ಕಳಸ್ತಾರ. ನಿಮ್ಮ ಕಂಪ್ಯೂಟರ್ ತನ್ನ ಪಾಲಿಂದು ಮುಗಿಸಿ ಇಂಟರ್ನೆಟ್ಟಿನಾಗ ವಾಪಸ್ ಕೊಟ್ಟು ಮತ್ತೊಂದು ತರಸ್ಕೋತದ.

2020ರ ಮಾರ್ಚ್ ನೆನಪದಲ್ರಿ? ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯಾಗೇ. ನಾವು ಅಗಳಿ ಹಾಕ್ಕೊಂಡು ಕಷಾಯ ಕುಡಿಯೋವಾಗ ಲಕ್ಷಗಟ್ಟಲೆ ಮಂದಿ ತಮ್ಮ ಕಂಪ್ಯೂಟರ್ ಈ ಕೆಲಸಕ್ಕ ಹಚ್ಚಿದ್ರು. ಏಪ್ರಿಲ್ದಾಗ ಅವುಗಳ ಒಟ್ಟು ಬಲ ಜಗತ್ತಿನ 500 ದೊಡ್ಡ ಸೂಪರ್ ಕಂಪ್ಯೂಟರ್‌ಗಳನ್ನೂ ಮೀರಿತ್ತು! ಹಂಗಂತ ಡಬ್ಬಿಯಿಂದ ಗುಳಿಗಿ ಉದುರ್ತಾವ ಅನ್ಕೋಬ್ಯಾಡ್ರಿ. ಯಾವ ಸಂದಿಗೆ ಏನು ಹೊಂದೀತು ಅಂತ ತೋರಸ್ತದ ಅಷ್ಟೇ. ಮುಂದ ಲ್ಯಾಬು, ಇಲಿ, ಆಮ್ಯಾಲ ಮನಷ್ಯಾ.

ಇನ್ನ ಕರೆಂಟಿನ ಮಾತು. 200 ವಾಟ್ ಎಳೆಯೋ ಮಷೀನು ಹಗಲೂ ರಾತ್ರಿ ಓಡಿದ್ರ 30 ದಿನಕ್ಕ 144 ಯೂನಿಟ್. ಗೃಹಜ್ಯೋತಿ ಕೊಡೋದು ಹೆಚ್ಚಂದ್ರ 200. ಫ್ರಿಜ್ಜು, ಕೂಲರ್ ಕೂಡಿದ್ರ ಲೋಕಕಲ್ಯಾಣದ ಬಿಲ್ಲು ನಿಮ್ಮ ಮನಿಗೇ ಬರ್ತದ. ಆಗ ಮನಿಯಾಕಿ ಮುಂದ ನನ್ನ ಹೆಸರು ಹೇಳಬ್ಯಾಡ್ರಿ. ತಂತ್ರಾಂಶ ಪುಕ್ಕಟೆ. ದಿನಾ ಒಂದೆರಡು ತಾಸು ಹಚ್ರಿ, ಬ್ಯಾಸಿಗ್ಯಾಗ ಬಂದ್ ಇಡ್ರಿ. ಆಫೀಸಿನ ಕಂಪ್ಯೂಟರಿಗೆ ಮಾತ್ರ ಸಾಹೇಬರನ್ನ ಕೇಳದ ಹಾಕಬ್ಯಾಡ್ರಿ.