ಕುನ್ನಿ ವ್ಯಾಪಾರ

ಪಾಮನಕಲ್ಲೂರಿನ ಮಕ್ಕಳಿಗೆ ಧರಣಿ ಕೂಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು 2020–21ರಲ್ಲಿ ರೈತರು ನಮ್ಮೂರಲ್ಲಿ ತಿಂಗಳುಗಟ್ಟಲೆ ಟೆಂಟು ಹಾಕಿ ಕೂತಿದ್ದರು. ಆಗ ನನ್ನ ಮಗಳಿಗೆ ಐದು ವರ್ಷ. ಕಾಕಾನಿಗೆ ಬುತ್ತಿ ಒಯ್ಯುವ ನೆಪದಲ್ಲಿ ಹೋಗಿ ನಾಲ್ಕು ಧಿಕ್ಕಾರ ಕೂಗಿ ಬರುತ್ತಿದ್ದಳು. ಆ ವಿದ್ಯೆ ವ್ಯರ್ಥವಾಗಲಿಲ್ಲ. ದೀಪಾವಳಿ ಮುಗಿದ ಮರುದಿನ ಪಡಸಾಲೆಯ ಕಂಬಕ್ಕೆ ರಟ್ಟಿನ ತುಂಡು ಕಟ್ಟಿ, ಚಾಪೆ ಹಾಸಿ ಕೂತುಬಿಟ್ಟಳು. ರಟ್ಟಿನ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ: ‘ಸಣ್ಣ ನಾಯಿ ಬೇಕೇ ಬೇಕು.’

ಓಣಿಯಲ್ಲಿ ಹತ್ತು ನಾಯಿ ಇವೆಯಲ್ಲ ಅಂದೆ. ‘ಅವು ಓಣಿಯವು. ನನಗ ನಂದು ಬೇಕು’ ಅಂದಳು. ಅಡುಗೆಮನೆಯಿಂದ ಬಾಹ್ಯ ಬೆಂಬಲ ಇತ್ತೆಂದು ಆಮೇಲೆ ತಿಳಿಯಿತು. ಮೂರನೆಯ ದಿನ ಸರ್ಕಾರ ಮಣಿಯಿತು.

ಸುದ್ದಿ ಕೇಳಿ ಕಾಕಾ ಎದ್ದು ಕೂತ. ನಲವತ್ತು ವರ್ಷ ಸಂತೆ, ಜಾತ್ರೆ ತಿರುಗಿ ಎತ್ತು ಕೊಂಡು ಮಾರಿದವ ಅವ. ‘ನಾಯಿಗೆ ರೊಕ್ಕ ಕೊಡ್ತೀ? ಎದರ ರೊಕ್ಕ? ಹಾಲು ಕೊಡತೈತೇನು? ಗಳೇ ಹೊಡಿತೈತೇನು?’ ಎಂದು ಒಂದು ತಾಸು ಬೈದು, ಕೊನೆಗೆ ಟವೆಲ್ಲು ಹೆಗಲಿಗೇರಿಸಿಕೊಂಡ. ‘ತರೋದ ಖರೆ ಆದ್ರ ನಾನೂ ಬರ್ತೀನಿ. ನಿನಗ ಜಾನವಾರ ತಿಳಿಯಂಗಿಲ್ಲ.’

ಊರಲ್ಲಿ ಸಲಹೆಗೆ ಬರವಿರಲಿಲ್ಲ. ಚಹಾದಂಗಡಿಯ ಮುಂದೆ ಕೂತವರೆಲ್ಲ ಮುಧೋಳ ನಾಯಿಯ ಪರ. ಅಂಚೆ ಇಲಾಖೆ 2005ರಲ್ಲಿ ಅದರ ಚೀಟಿ ಹೊರಡಿಸಿದೆ, ಸೈನ್ಯದವರೂ ಒಯ್ದು ತರಬೇತಿ ಕೊಟ್ಟಿದ್ದಾರೆ, ಎಲ್ಲ ನಿಜ. ಆದರೆ ಮೊಲ ಅಟ್ಟಿ ಹಿಡಿಯುವ ಆ ಉದ್ದ ಕಾಲಿನ ಪ್ರಾಣಿಯನ್ನು ನಮ್ಮ ಎರಡಂಕಣದ ಮನೆಯಲ್ಲಿ ಇಟ್ಟರೆ, ಅದು ತಿರುಗಿ ನಿಲ್ಲಬೇಕಾದಾಗ ನಾವು ಹೊರಗೆ ಹೋಗಿ ನಿಲ್ಲಬೇಕು.

ಸಿಂಧನೂರಿನಲ್ಲಿ ಒಬ್ಬ ಹುಡುಗ ಮನೆಯ ಮಾಳಿಗೆ ಮೇಲೆ ನಾಯಿ ಸಾಕಿ ಮಾರುತ್ತಾನೆಂದು ಗೊತ್ತಾಗಿ, ಮಸ್ಕಿಯ ಮೇಲಿಂದ ಬಸ್ಸು ಹಿಡಿದೆವು. ಮಸ್ಕಿಯಲ್ಲಿ ಬಸ್ಸು ನಿಂತಾಗ ನಾನು ಮಗಳಿಗೆ, 1915ರಲ್ಲಿ ಇಲ್ಲೇ ಅಶೋಕನ ಹೆಸರಿದ್ದ ಶಾಸನ ಸಿಕ್ಕಿದ್ದು, ಆ ರಾಜ ಮನುಷ್ಯರಿಗಷ್ಟೇ ಅಲ್ಲ, ಪ್ರಾಣಿಗಳಿಗೂ ಔಷಧದ ಏರ್ಪಾಡು ಮಾಡಿಸಿದ್ದೆನೆಂದು ಬೇರೆ ಕಡೆಯ ಶಾಸನದಲ್ಲಿ ಬರೆಸಿದ್ದಾನೆ ಅಂತ ಹೇಳಿದೆ. ಕಾಕಾ ಕಿಟಕಿಯಿಂದ ಹೊರಗೆ ಉಗುಳಿ, ‘ಅವಗೇನು, ಸಾಲ ಇದ್ದಿಲ್ಲ’ ಅಂದ.

ಮಾಳಿಗೆಯಲ್ಲಿ ಮೊದಲು ಕಂಡದ್ದು ಪಗ್. 2003ರ ಸುಮಾರಿಗೆ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಬೆನ್ನು ಹತ್ತಿ ಓಡಾಡಿ ದೇಶವನ್ನೇ ಮರುಳು ಮಾಡಿದ ಜಾತಿ. ಕೂಲರಿನ ಮುಂದೆ ಮಲಗಿ, ನಮ್ಮೂರಿನ ಹಿಟ್ಟಿನ ಗಿರಣಿಯ ಹಾಗೆ ಗೊರಕೆ ಹೊಡೆಯುತ್ತಿತ್ತು. ಕಾಕಾ ಬಗ್ಗಿ ನೋಡಿ, ‘ಇದರ ಮಾರಿ ಮ್ಯಾಲ ಯಾರು ಗುದ್ದ್ಯಾರ?’ ಅಂದ.

ಹುಡುಗ ನಗಲಿಲ್ಲ. ‘ಮನುಷ್ಯಾರ ಗುದ್ದ್ಯಾರ ಅನ್ರಿ. ಚಂದ ಕಾಣ್ಲಿ ಅಂತ ತಲಿತಲಾಂತರ ಮೂಗು ಮೋಟು ಮಾಡ್ಕೋತ ಬಂದಾರ. ನಾಯಿ ಮೈ ತಣ್ಣಗಾಗಬೇಕಂದ್ರ ತೇಕಬೇಕು. ಉಸಿರಾಡಾಕ ದಾರೀನ ಇಲ್ಲಂದ್ರ ಎಲ್ಲಿ ತೇಕತೈತ್ರಿ? ನಿಮ್ದು ಯಾವೂರು?’

ಹೇಳಿದೆ.

‘ಬ್ಯಾಸಗ್ಯಾಗ 42 ಡಿಗ್ರಿ. ಮಧ್ಯಾಹ್ನ ಕರೆಂಟ್ ಹೋದ್ರ?’

‘ನಾವು ಬೇವಿನ ಗಿಡದ ಕೆಳಗ ಕುಂದರ್ತೀವಿ’ ಅಂದೆ.

‘ಇದು ಬೇಡ ನಿಮಗ’ ಎಂದು, ನೆಲಕ್ಕೆ ತಾಗುವ ಕೂದಲಿನ ಶಿಹ್ ತ್ಸು ಮಗಳ ಕಣ್ಣಿಗೆ ಬೀಳುವ ಮೊದಲೇ ಆ ಬಾಗಿಲನ್ನೂ ಎಳೆದುಕೊಂಡ. ಆಮೇಲೆ ಶುರುವಾಯಿತು ನೋಡಿ ವಿಚಾರಣೆ. ಹಗಲೊತ್ತು ಮನೆಯಲ್ಲಿ ಯಾರಿರುತ್ತಾರೆ? ಹತ್ತಿ ಬಿಡಿಸುವ ದಿನಗಳಲ್ಲಿ? ಮೊದಲು ನಾಯಿ ಸಾಕಿದ್ದಿರಾ? ಅದು ಹೇಗೆ ಸತ್ತಿತು? ನಾನು ಮೌಖಿಕ ಪರೀಕ್ಷೆಗೆ ನಿಂತವನ ಹಾಗೆ ಕೈ ಕಟ್ಟಿ ಉತ್ತರ ಕೊಡುತ್ತಿದ್ದೆ. ಕಾಕಾ ಕಿವಿಯಲ್ಲಿ, ‘ನಾವು ಕನ್ಯಾ ನೋಡಾಕ ಬಂದೀವೋ, ಇವ ವರ ನೋಡಾಕತ್ತ್ಯಾನೋ?’ ಅಂದ.

ಪಾಸಾದೆವೆಂದು ಕಾಣುತ್ತದೆ. ಒಳಗಿನಿಂದ ಬೆಳ್ಳನೆಯದೊಂದನ್ನು ತಂದು ಮಗಳ ಮಡಿಲಿಗೆ ಇಟ್ಟ. ನಾವೆಲ್ಲ ಪಾಮೇರಿಯನ್ ಅನ್ನುವುದು ಇದನ್ನೇ. ಆದರೆ ಇದು ಇಂಡಿಯನ್ ಸ್ಪಿಟ್ಜ್, ಇಲ್ಲಿಯ ಬಿಸಿಲಿಗೆ ತಕ್ಕಮಟ್ಟಿಗೆ ಹೊಂದಿಕೊಂಡದ್ದು. 1994ರ ‘ಹಮ್ ಆಪ್ಕೆ ಹೈ ಕೌನ್’ ಚಿತ್ರದ ಟಫಿ ಇದೇ ಜಾತಿ. ಕಾಕಾ ಎತ್ತಿ ತೂಗಿ, ಬೆರಳು ಆಡಿಸಿ, ‘ತೇವ ಇಲ್ಲ, ಎಳಿ ಚಲೋ ಐತಿ, ತೂಕ ಬರಂಗಿಲ್ಲ’ ಎಂದು ಹತ್ತಿಗೆ ಹೇಳುವ ಮೂರೂ ಮಾತನ್ನು ಕುನ್ನಿಗೆ ಹೇಳಿದ. ಹಣೆಯ ಮೇಲೆ, ಬೆನ್ನ ಮೇಲೆ ಸುಳಿ ಹುಡುಕಿದ. ಆ ಕೂದಲಲ್ಲಿ ಸುಳಿ ಹೋಗಲಿ, ಕುನ್ನಿಯೇ ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ಕೊನೆಗೆ, ವಯಸ್ಸು ನೋಡೋಣವೆಂದು ಹೆಬ್ಬೆರಳು ಹಾಕಿ ಬಾಯಿ ತೆರೆದ.

ಎತ್ತಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿರುವುದಿಲ್ಲ. ನಲವತ್ತು ವರ್ಷದ ಅನುಭವವೆಲ್ಲ ಅದರ ಮೇಲೇ ನಿಂತಿತ್ತು. ಕುನ್ನಿಗೆ ಮೇಲೂ ಕೆಳಗೂ, ಗೋಣಿ ಹೊಲಿಯುವ ದಬ್ಬಣದ ತುದಿಯಂಥ ಹಾಲುಹಲ್ಲು. ಕಾಕಾ ‘ಯಪ್ಪಾ!’ ಎಂದದ್ದು ಕೆಳಗಿನ ಅಂಗಡಿಯವರಿಗೂ ಕೇಳಿತು. ಹೆಬ್ಬೆರಳು ಟವೆಲ್ಲಿನಲ್ಲಿ ಸುತ್ತಿಕೊಂಡು, ಸೋಲು ಒಪ್ಪದೆ, ‘ತಾಯಿನ ತೋರಸು’ ಅಂದ. ಹಾಲು ನೋಡಿ ಎಮ್ಮೆ, ತಾಯಿ ನೋಡಿ ಹೆಣ್ಣು ಎಂಬ ಮಾತನ್ನು ನಂಬಿದವ. ಆ ಹುಡುಗನಿಗೆ ಅವನ ಮೇಲೆ ಗೌರವ ಹುಟ್ಟಿದ್ದು ಆಗಲೇ. ‘ಫೋಟೋ ನೋಡಿ ರೊಕ್ಕ ಹಾಕಾವ್ರ ಭಾಳ ಮಂದಿ. ತಾಯಿನ ಕೇಳಿದವ್ರು ನೀವ ಮೊದಲ್ನೆಯವ್ರು’ ಎಂದು ಕರೆತಂದ. ತಾಯಿ ಬಂದು ಕಾಕಾನ ಟವೆಲ್ಲು ಮೂಸಿ ಅಲ್ಲೇ ಒರಗಿ ಕೂತಿತು.

ಇನ್ನು ದರ. ಕಾಕಾ ಹುಡುಗನ ಕೈ ಹಿಡಿದು ಮೇಲೆ ಟವೆಲ್ಲು ಹಾಕಿದ. ಬೆರಳೊಂದಕ್ಕೆ ಸಾವಿರದಂತೆ ನಾಲ್ಕು ಒತ್ತಿದ. ಹುಡುಗ, ಹಿರಿಯರು ಶುಭ ಹಾರೈಸುತ್ತಿದ್ದಾರೆಂದು ತಿಳಿದು ಜೋರಾಗಿ ಕೈ ಕುಲುಕಿದ. ಎಂಟು ಸಾವಿರಕ್ಕೆ ಒಂದು ಪೈಸೆ ಕಡಿಮೆಯಿಲ್ಲ ಎಂಬುದು ಬಾಯಿಮಾತಿನಲ್ಲೇ ಇತ್ಯರ್ಥವಾಯಿತು. ಅಷ್ಟು ಕೊಟ್ಟರೂ ಕುನ್ನಿ ಅವತ್ತು ಕೈಗೆ ಬರಲಿಲ್ಲ. ಅದಕ್ಕಿನ್ನೂ ನಲವತ್ತೈದು ದಿನ. ಎಂಟು ವಾರ ತುಂಬದೆ ಮಾರುವಂತಿಲ್ಲ ಎಂದು 2017ರ ಕೇಂದ್ರದ ನಿಯಮವಿದೆ. ತಾಯಿಯ ಹತ್ತಿರ, ಒಡಹುಟ್ಟಿದವುಗಳ ಜೊತೆ ಇದ್ದರೇ ಎಷ್ಟು ಜೋರು ಕಚ್ಚಬೇಕೆಂಬ ಅಳತೆ ಕುನ್ನಿಗೆ ಗೊತ್ತಾಗುವುದಂತೆ. ಕಾಕಾ ಹೆಬ್ಬೆರಳು ನೋಡಿಕೊಂಡು, ‘ಇನ್ನೊಂದು ತಿಂಗಳು ಇಟ್ಕೋರಿ’ ಅಂದ.

ಹನ್ನೊಂದು ದಿನ ಬಿಟ್ಟು ಹೋಗಿ, ಲಸಿಕೆ ಕಾರ್ಡಿನ ಸಮೇತ ತಂದೆವು. ಮಗಳ ಬುಟ್ಟಿಯಿಂದ ಮೂಗು ಹೊರಗೆ ಹಾಕಿದ್ದನ್ನು ಕಂಡಕ್ಟರ್ ನೋಡಿಯೇ ಬಿಟ್ಟ. ಟಿಕೆಟ್ ತೆಗೆಸಬೇಕು ಅಂದ. ನಾನು ಜೇಬಿಗೆ ಕೈ ಹಾಕುವುದರೊಳಗೆ ಕಾಕಾ ತಡೆದ.

‘ಇದು ಹೆಣ್ಣೈತಿ. ಶಕ್ತಿ ಯೋಜನೆ. ಪುಗಸಟ್ಟೆ.’

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಕಂಡಕ್ಟರ್ ಬಹುಶಃ ನಮ್ಮ ಕಡೆಯವನೇ. ಮುಖ ಗಂಟು ಹಾಕಿಕೊಂಡೇ, ‘ಆಧಾರ್ ಕಾರ್ಡ್ ತೋರಸ್ರಿ’ ಅಂದ. ಕಾಕಾ ಠೀವಿಯಿಂದ ಲಸಿಕೆ ಕಾರ್ಡು ತೆಗೆದು ಕೊಟ್ಟ. ಕಂಡಕ್ಟರ್ ಅದನ್ನು ಹಿಂದೆ ಮುಂದೆ ತಿರುವಿ, ಬೆಳಕಿಗೆ ಹಿಡಿದು ಓದಿ, ವಾಪಸ್ ಕೊಟ್ಟು ಟಿಕೆಟ್ ಹರಿದ.

‘ಇಂಡಿಯನ್ ಅಂತ ಅಷ್ಟ ಬರದಾರ್ರಿ ಯಜಮಾನ್ರ. ಕರ್ನಾಟಕದ ವಿಳಾಸ ಎಲ್ಲೈತಿ?’