ಕಿಟಕಿ ತೆಗೆಯಿರಿ, ಚಳಿ ಒಳಗೆ ಬರಲಿ

(ಕೆನಡಾದ ಸಸ್ಕ್ಯಾಚೆವಾನ್ ಬಯಲಿನ ಪುಟ್ಟ ಊರೊಂದರಲ್ಲಿ ಜನರೇ ಸೇರಿ 1967ರಲ್ಲಿ ಕಟ್ಟಿಕೊಂಡ ಐಸ್ ರಿಂಕ್ ಜೊತೆ ಕಾಲ್ಪನಿಕ ಸಂದರ್ಶನ)

ನಿಮ್ಮ ಹುಟ್ಟು?

ಆ ವರ್ಷ ದೇಶಕ್ಕೆ ನೂರು ತುಂಬಿತು. ತಲೆಗೊಂದು ಡಾಲರ್ ಕೊಡುತ್ತೇನೆ ಎಂದಿತು ಕೇಂದ್ರ. ಪ್ರಾಂತ್ಯವೂ ಊರೂ ಅಷ್ಟಷ್ಟು ಹಾಕಬೇಕು. ನಮ್ಮೂರಿನ ತಲೆ ಎಣಿಸಿದರೆ ಒಂದು ಬದಿಯ ತಗಡಿಗೂ ಸಾಲದು. ಆಲ್ಬರ್ಟಾದ ಸೇಂಟ್ ಪಾಲ್‌ನವರು ಅದೇ ಸಂಭ್ರಮಕ್ಕೆ ಹಾರುವ ತಟ್ಟೆ ಇಳಿಯಲು ಕಟ್ಟೆ ಕಟ್ಟಿದರು. ಜಾಣರು. ಇಳಿಯುವವರೇ ಇಲ್ಲದ ಮೇಲೆ ಸರದಿಯ ಜಗಳವೂ ಇಲ್ಲ.

ಸೂರು ಬಂದ ಮೇಲೆ ಬೆಚ್ಚಗಾಯಿತೇ?

ಗಾಳಿ ಹೊರಗೆ, ಚಳಿ ಒಳಗೆ, ಅಷ್ಟೇ. ನೀರು ಹೆಪ್ಪುಗಟ್ಟಿಸಲು ನೆಲದಡಿ ಉಪ್ಪುನೀರಿನ ಕೊಳವೆ, ಕಂಪ್ರೆಸರ್ ಎಲ್ಲ ದುಡ್ಡಿದ್ದವರ ರಿಂಕಿಗೆ. ನನ್ನದು ಮಣ್ಣಿನ ನೆಲ. ಕಿಟಕಿ ಬಾಗಿಲು ತೆಗೆದು ಚಳಿಯನ್ನು ಕರೆದು ಕೂರಿಸುತ್ತಿದ್ದರು. ಮಾರ್ಚ್‌ನಲ್ಲಿ ಬಿಸಿಲೇರಿತೋ, ಐಸ್ ಹಾಕಿ ಫೈನಲ್ ಕೆಸರಿನಲ್ಲಿ.

ಮಂಜುಗಡ್ಡೆ ಕಟ್ಟುವುದು ಹೇಗೆ?

ತೆಳುವಾಗಿ ಒಂದು ಪದರ, ಅದು ಗಟ್ಟಿಯಾದ ಮೇಲೆ ಮತ್ತೊಂದು. ಅವಸರಪಟ್ಟು ಒಮ್ಮೆಲೇ ಸುರಿದರೆ ಮೇಲೆ ಚಿಪ್ಪು, ಒಳಗೆ ಟೊಳ್ಳು, ನಮ್ಮ ಸಮಿತಿಯ ಹಾಗೆ. ಆಟ ಮುಗಿದ ರಾತ್ರಿ ಜಾರುಬಂಡಿಯ ಮೇಲೆ ಬಿಸಿನೀರಿನ ಡ್ರಮ್ಮು, ಅದರ ಬಾಲಕ್ಕೆ ಒದ್ದೆ ಗೋಣಿತಾಟು. ಬಿಸಿನೀರಾದರೆ ಗೀರುಗಳನ್ನು ಕರಗಿಸಿ ಬೆಸೆಯುತ್ತದೆ, ಗಾಳಿಗುಳ್ಳೆಯೂ ಕಡಿಮೆ. ಹಿಮವೇ ಕಾಣದ ಕ್ಯಾಲಿಫೋರ್ನಿಯಾದ ಪ್ಯಾರಮೌಂಟ್‌ನಲ್ಲಿ ಕೂತು ಫ್ರಾಂಕ್ ಝಾಂಬೋನಿ 1949ರಲ್ಲೇ ಇದಕ್ಕೊಂದು ಯಂತ್ರ ಮಾಡಿದ್ದ. ಹಿಮದಲ್ಲೇ ಹೂತುಹೋದ ನಮ್ಮವರಿಗೆ ಗೋಣಿತಾಟೇ ಗತಿ.

ಖರ್ಚಿಗೆ?

ಗೋಡೆಯ ಫಲಕ ಓದಿ. ಅಧ್ಯಕ್ಷ, ಉಪಾಧ್ಯಕ್ಷ, ಖಜಾಂಚಿ, ಎಲ್ಲ ಗಂಡಸರೇ. ಕರೆಂಟ್ ಬಿಲ್ ಕಟ್ಟಿದ್ದು ಕ್ಯಾಂಟೀನಿನ ಹೆಂಗಸರು: ಬಿಸಿ ಚಾಕೊಲೇಟು, ಕರಿದ ಆಲೂಗಡ್ಡೆ, ಬಿಂಗೋ, ಲಾಟರಿ ಚೀಟಿ. ಅವರ ಹೆಸರಿಗೆ ಫಲಕದಲ್ಲಿ ಜಾಗ ಸಾಲಲಿಲ್ಲವಂತೆ. ಅವರ ಎಣ್ಣೆಜಿಡ್ಡು ಮಾತ್ರ ಸೂರಿನಲ್ಲಿ ಇನ್ನೂ ಇದೆ, ಫಲಕಕ್ಕಿಂತ ಗಟ್ಟಿಯಾಗಿ.

ಎಲ್ಲರ ರಿಂಕ್ ಎನ್ನುತ್ತಾರಲ್ಲ?

ಹೌದು, ಎಲ್ಲರದೂ. ಸಂಜೆ ಪೂರ್ತಿ ಹುಡುಗರ ಹಾಕಿಗೆ. ಫಿಗರ್ ಸ್ಕೇಟಿಂಗ್ ಹುಡುಗಿಯರಿಗೆ ಬೆಳಗಿನ ಆರು ಗಂಟೆ, ಹೊರಗೆ ಮೈನಸ್ ಮೂವತ್ತು. ಕೇಳಿದರೆ, ಬೆಳಗಿನ ಐಸ್ ನುಣುಪಾಗಿರುತ್ತದೆ ಎಂಬ ಸಮಾಧಾನ.

ಅಂದು ಶ್ರಮದಾನ ಮಾಡಿದವರು ಇನ್ನೂ ಇದ್ದಾರೆಯೇ?

ದಿನದಿನಕ್ಕೆ ಹೆಚ್ಚುತ್ತಿದ್ದಾರೆ! ಆಗ ಊರಲ್ಲಿದ್ದದ್ದು ಮುನ್ನೂರು ಜನ. ಮೊದಲ ತೊಲೆಗೆ ಹೆಗಲು ಕೊಟ್ಟೆವು ಎನ್ನುವವರೇ ಈಗ ಎಂಟುನೂರು ದಾಟಿದ್ದಾರೆ.

ಕೊಡದವರು?

ಒಬ್ಬನಿದ್ದ. ಸೊಂಟ ನೋವು ಅಂದ. ಅವನನ್ನೇ ಅಧ್ಯಕ್ಷ ಮಾಡಿದರು.