ಗೀತತಾರತಮ್ಯವಾದಿ

‘ತಾರತಮ್ಯ’ ಎಂಬ ಶಬ್ದ ಇಂದಿನ ಪತ್ರಿಕಾಭಾಷೆಯಲ್ಲಿ ಅನ್ಯಾಯದ ಭೇದಭಾವ ಎಂಬ ಅರ್ಥಕ್ಕೆ ಇಳಿದಿದ್ದರೂ, ಅದರ ಹುಟ್ಟು ಸಂಸ್ಕೃತದ ‘ತರ’ ಮತ್ತು ‘ತಮ’ ಎಂಬ ಎರಡು ಪ್ರತ್ಯಯಗಳಲ್ಲಿದೆ. ಒಂದಕ್ಕಿಂತ ಒಂದು ಹೆಚ್ಚು ಎಂಬುದನ್ನು ಮೊದಲನೆಯದೂ, ಎಲ್ಲಕ್ಕಿಂತ ಹೆಚ್ಚು ಎಂಬುದನ್ನು ಎರಡನೆಯದೂ ಸೂಚಿಸುತ್ತವೆ. ಮಧ್ವಮತದಲ್ಲಿ ಈ ಶಬ್ದಕ್ಕೆ ಶಾಸ್ತ್ರೀಯವಾದ ಸ್ಥಾನವಿದ್ದು, ದೇವತೆಗಳಲ್ಲಿಯೂ ಜೀವರಲ್ಲಿಯೂ ಯಾರು ಯಾರಿಗಿಂತ ಮೇಲು ಎಂಬ ಶ್ರೇಣಿಯನ್ನು ಅದು ನಿರೂಪಿಸುತ್ತದೆ. ಇದೇ ತತ್ವವನ್ನು ಕನ್ನಡ ಚಿತ್ರಗೀತೆಗಳಿಗೆ ಅನ್ವಯಿಸಿ, ಯಾವ ಹಾಡು ಯಾವ ಹಾಡಿಗಿಂತ ಮೇಲು ಎಂಬುದನ್ನು ಯಾರೂ ಕೇಳದಿದ್ದರೂ ನಿರ್ಣಯಿಸಿ ಕೊಡುವ ವ್ಯಕ್ತಿಯನ್ನು ಇಲ್ಲಿ ಗೀತತಾರತಮ್ಯವಾದಿ ಎಂದು ಕರೆಯಲಾಗಿದೆ. ಹೆಸರು ಉದ್ದವಾಯಿತೆನಿಸಿದರೆ ವಾದಿ ಎಂದಷ್ಟೇ ಹೇಳಬಹುದು; ಆದರೆ ಆತನ ವಾದದ ಉದ್ದವನ್ನು ಬಲ್ಲವರಿಗೆ ಈ ಹೆಸರು ಗಿಡ್ಡವೆಂದೇ ತೋರುತ್ತದೆ.

ವಾದಿಯು ಬೆಂಗಳೂರಿನ ದರ್ಶಿನಿಗಳ ಮುಂದೆ ಬೈಟೂ ಕಾಫಿಯ ಲೋಟ ಹಿಡಿದು ನಿಂತ ಗುಂಪಿನಲ್ಲಿ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಿನ ಸಂಜೆಯ ವಾಕಿಂಗಿನಲ್ಲಿ, ಕ್ಷೌರದಂಗಡಿಯ ಬೆಂಚಿನ ಮೇಲೆ, ಮದುವೆಮನೆಯಲ್ಲಿ ಎರಡನೆಯ ಪಂಕ್ತಿಗೆ ಕಾಯುವವರ ನಡುವೆ, ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದ ಮುಂದಿನ ಸಾಲಿನಲ್ಲಿ ಧಾರಾಳವಾಗಿ ಕಾಣಸಿಗುತ್ತಾನೆ. ಎಲ್ಲಿಂದಲಾದರೂ ಒಂದು ಹಾಡು ಕೇಳಿಬಂದ ಕೂಡಲೇ ಆತನ ಬಲಗೈ ಮೇಲೇಳುತ್ತದೆ. ಅದು ತಾಳ ಹಾಕುವುದಕ್ಕೆ ಎದ್ದ ಕೈ ಅಲ್ಲ, ಸುತ್ತಲಿನವರನ್ನು ಸುಮ್ಮನಿರಿಸುವುದಕ್ಕೆ ಎದ್ದ ಕೈ. ಅವರು ಸುಮ್ಮನಾದ ಮೇಲೆ ಮಾತು ಆತನದೇ. ಹಾಡಿನ ಮೊದಲ ಭಾಗವೂ ಮತ್ತೆ ಮತ್ತೆ ಮರಳಿ ಬರುವ ಸಾಲುಗಳೂ ಆದ ಪಲ್ಲವಿ ಮುಗಿಯುವಷ್ಟರಲ್ಲಿ ಚಿತ್ರದ ಹೆಸರು, ಬಿಡುಗಡೆಯಾದ ವರ್ಷ, ಸಂಗೀತ ನಿರ್ದೇಶಕ, ಬರೆದವರು, ಹಾಡಿದವರು ಇಷ್ಟನ್ನೂ ಆತ ಹೇಳಿ ಮುಗಿಸಿರುತ್ತಾನೆ. ಕಥೆಯನ್ನು ಮುಂದಕ್ಕೆ ಒಯ್ಯುವ ಚರಣಗಳಲ್ಲಿ ಮೊದಲನೆಯದು ನಡೆಯುವಾಗ ಆ ಹಾಡಿಗೆ ತನ್ನ ಪಟ್ಟಿಯಲ್ಲಿ ಎಷ್ಟನೆಯ ಸ್ಥಾನ ಎಂಬುದನ್ನೂ, ಎರಡನೆಯದು ನಡೆಯುವಾಗ ಆ ಸ್ಥಾನಕ್ಕೆ ಬರಬಹುದಾದ ಆಕ್ಷೇಪಗಳಿಗೆ ಸಮಾಧಾನವನ್ನೂ ಹೇಳುತ್ತಾನೆ. ಹಾಡು ಮುಗಿದಾಗ, ‘ಎಂಥ ಹಾಡು!’ ಎಂದು ನಿಟ್ಟುಸಿರು ಬಿಡುವವನೂ ಆತನೇ.

ಹಾಡಿಗೆ ಅಂಕಿ ಹಚ್ಚುವ ಈ ಅಭ್ಯಾಸ ನಮ್ಮವರಿಗೆ ಎಲ್ಲಿಂದ ಬಂತೆಂದು ವಿಚಾರಿಸಿದರೆ, ಅದರ ಮೂಲ ಮಧ್ವರ ಉಡುಪಿಯಲ್ಲಿಲ್ಲ, ಹಲ್ಲುಜ್ಜುವ ಪೇಸ್ಟಿನಲ್ಲಿದೆ. 1952ರಲ್ಲಿ ಕೇಂದ್ರದ ವಾರ್ತಾ ಸಚಿವರಾಗಿದ್ದ ಬಿ. ವಿ. ಕೇಸ್ಕರ್ ಅವರಿಗೆ ಚಿತ್ರಗೀತೆಗಳು ರುಚಿಸದೆ, ಅವು ಆಕಾಶವಾಣಿಯಿಂದ ಮರೆಯಾಗುವ ಹಾಗಾದಾಗ, ಕೇಳುಗರು ತಮ್ಮ ರೇಡಿಯೋದ ಮುಳ್ಳನ್ನು ಸಿಲೋನಿನ ಕಡೆಗೆ ತಿರುಗಿಸಿದರು. ಅದೇ ವರ್ಷ ಅಲ್ಲಿಂದ ಬಿನಾಕಾ ಟೂತ್‌ಪೇಸ್ಟಿನ ಹೆಸರಿನಲ್ಲಿ ಆರಂಭವಾದ ‘ಬಿನಾಕಾ ಗೀತ್‌ಮಾಲಾ’ದಲ್ಲಿ ಅಮೀನ್ ಸಯಾನಿ ಹಿಂದಿ ಹಾಡುಗಳನ್ನು ‘ಪಾಯ್ದಾನ್’, ಎಂದರೆ ಮೆಟ್ಟಿಲುಗಳ ಮೇಲೆ ಒಂದೊಂದಾಗಿ ಹತ್ತಿಸಿ ನಿಲ್ಲಿಸುತ್ತಿದ್ದರು. ಆಕಾಶವಾಣಿ ತನ್ನ ತಪ್ಪನ್ನು ತಿದ್ದಿಕೊಂಡು 1957ರಲ್ಲಿ ವಿವಿಧ ಭಾರತಿಯನ್ನು ಆರಂಭಿಸುವ ಹೊತ್ತಿಗೆ, ಹಾಡೆಂದರೆ ಮೆಟ್ಟಿಲು ಎಂಬ ಸಂಸ್ಕಾರ ದೇಶದ ಉದ್ದಗಲಕ್ಕೂ ಬೇರು ಬಿಟ್ಟಾಗಿತ್ತು. ಟೂತ್‌ಪೇಸ್ಟಿನ ಟ್ಯೂಬು ಖಾಲಿಯಾದ ಮೇಲೆಯೂ ಮೆಟ್ಟಿಲುಗಳು ಉಳಿದುಕೊಂಡವು.

ಕನ್ನಡ ಸಾಹಿತ್ಯ ಚರಿತ್ರೆಯನ್ನು ಹಳಗನ್ನಡ, ನಡುಗನ್ನಡ, ಹೊಸಗನ್ನಡ ಎಂದು ವಿದ್ವಾಂಸರು ವಿಂಗಡಿಸಿದಂತೆ ವಾದಿಯೂ ಚಿತ್ರಗೀತೆಗಳನ್ನು ಕಾಲಖಂಡಗಳಾಗಿ ಕತ್ತರಿಸುತ್ತಾನೆ. ಪಿ. ಬಿ. ಶ್ರೀನಿವಾಸ್ ಅವರು ರಾಜ್‌ಕುಮಾರ್ ಅವರಿಗೆ ಕಂಠವಾಗಿದ್ದ ಕಾಲ ಹಳಗನ್ನಡ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಎಮ್ಮೆಯ ಮೇಲೆ ಕುಳಿತ ನಾಯಕ ತನ್ನದೇ ದನಿಯಲ್ಲಿ ಹಾಡಿದ ಗಳಿಗೆಯಿಂದ, ರಾಜನ್–ನಾಗೇಂದ್ರ ಸಹೋದರರ ಇಂಪಾದ ದಿನಗಳನ್ನು ಒಳಗೊಂಡು, ನಡುಗನ್ನಡ. 1987ರ ‘ಪ್ರೇಮಲೋಕ’ದಲ್ಲಿ ಹಂಸಲೇಖ ಪದವನ್ನೂ ಮಟ್ಟನ್ನೂ ತಾವೇ ಕಟ್ಟಿ ಕ್ಯಾಸೆಟ್ ಅಂಗಡಿಗಳ ಮುಂದೆ ಜನ ನೆರೆಯುವ ಹಾಗೆ ಮಾಡಿದಲ್ಲಿಂದ ಹೊಸಗನ್ನಡ. 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ಯ ನಂತರದ ಕಾಲಕ್ಕೆ ವಾದಿಯ ಚರಿತ್ರೆಯಲ್ಲಿ ಹೆಸರಿಲ್ಲ, ಅದನ್ನು ‘ಈಗಿನವು’ ಎಂದು ಕೈಯಾಡಿಸಿ ತೋರಿಸುವುದು ರೂಢಿ. ಈ ಗಡಿಕಲ್ಲುಗಳು ನಿಂತಲ್ಲಿ ನಿಲ್ಲುವುದಿಲ್ಲವೆಂಬುದನ್ನು ಮಾತ್ರ ವಾದಿ ಗಮನಿಸಿರುವುದಿಲ್ಲ. ಜಿ. ಕೆ. ವೆಂಕಟೇಶ್ ಅವರ ಹಾಡಿಗೆ ತಲೆದೂಗುತ್ತಿದ್ದ ಹುಡುಗನನ್ನು, ಗುಬ್ಬಿ ಕಂಪನಿಯ ರಂಗಗೀತೆಗಳ ಮುಂದೆ ಇದೂ ಒಂದು ಹಾಡೇ ಎಂದು ಮೂದಲಿಸಿದ ತಂದೆಯೊಬ್ಬ ಆ ಕಾಲದ ಎಷ್ಟೋ ಮನೆಗಳಲ್ಲಿದ್ದ. ಆ ಹುಡುಗ ಬೆಳೆದು ತನ್ನ ಮಗನ ಕೋಣೆಯಿಂದ ಕೇಳಿಬರುತ್ತಿದ್ದ ಹಂಸಲೇಖರನ್ನು ‘ಡಬ್ಬಾ ಬಡಿಯುವುದು’ ಎಂದು ಕರೆದ. ಈಗ ಐವತ್ತು ದಾಟಿರುವ ಆ ಮಗ ಹಂಸಲೇಖರ ಹಾಡುಗಳನ್ನು ಅಭಿಜಾತವೆಂದು ಬಣ್ಣಿಸುತ್ತಾ, ಅರ್ಜುನ್ ಜನ್ಯ, ಚರಣ್ ರಾಜ್ ಮುಂತಾದವರ ಹಾಡು ಕೇಳಿಬಂದರೆ ಅದೇ ಡಬ್ಬಾವನ್ನು ಅಟ್ಟದಿಂದ ಇಳಿಸುತ್ತಾನೆ. ಡಬ್ಬಾ ಪಿತ್ರಾರ್ಜಿತ ಆಸ್ತಿ.

ಹಳೆಯ ಪಕ್ಷದ ವಾದಿಯ ಮೊದಲ ಪ್ರಮಾಣ ‘ಸಾಹಿತ್ಯ’. ಸಂಗೀತಗಾರರ ಮಾತಿನಲ್ಲಿ ಈ ಶಬ್ದಕ್ಕೆ ಕಾವ್ಯಕಾದಂಬರಿಗಳ ಸಮುದಾಯವೆಂಬ ಅರ್ಥವಿಲ್ಲ, ಹಾಡಿನ ಪದಗಳು ಎಂದಷ್ಟೇ ಅರ್ಥ. ವಾದಿ ಮಾತ್ರ ಎರಡೂ ಅರ್ಥಗಳನ್ನು ಒಂದೇ ಉಸಿರಿನಲ್ಲಿ ಬಳಸಿ, ಚಿ. ಉದಯಶಂಕರ್, ಆರ್. ಎನ್. ಜಯಗೋಪಾಲ್, ವಿಜಯನಾರಸಿಂಹ ಎಂದು ಕವಿಪರಂಪರೆಯನ್ನು ಗೋತ್ರಪ್ರವರದಂತೆ ಒಪ್ಪಿಸಿ, ಈಗ ಸಾಹಿತ್ಯವೇ ಇಲ್ಲ ಎಂದು ತೀರ್ಪು ಕೊಡುತ್ತಾನೆ. ಆಗ ಎದುರಿನವರು, ‘ಮುಂಗಾರು ಮಳೆ’ಯ ಅತ್ಯಂತ ಜನಪ್ರಿಯ ಹಾಡನ್ನು ಬರೆದವರು ಕನ್ನಡದ ಮುಖ್ಯ ಕತೆಗಾರರಲ್ಲಿ ಒಬ್ಬರಾದ ಜಯಂತ ಕಾಯ್ಕಿಣಿಯವರಲ್ಲವೇ ಎಂದು ನೆನಪಿಸಿದರೆ, ‘ಅದು ಬಿಡಿ, ಅದು ಅಪವಾದ’ ಎಂಬ ಉತ್ತರ ಸಿದ್ಧವಿರುತ್ತದೆ. ವ್ಯಾಕರಣಶಾಸ್ತ್ರದಲ್ಲಿ ಅಪವಾದವೆಂದರೆ ಸಾಮಾನ್ಯ ನಿಯಮವನ್ನು ಒಂದು ಎಡೆಯಲ್ಲಿ ತಡೆಯುವ ವಿಶೇಷ ನಿಯಮ. ವಾದಿಯ ಶಾಸ್ತ್ರದಲ್ಲಿ ತನಗೆ ಇಷ್ಟವಾಗಿಬಿಟ್ಟ ಹೊಸ ಹಾಡು. ಇಂಥ ಅಪವಾದಗಳು ವರ್ಷಕ್ಕೆ ನಾಲ್ಕೈದರಂತೆ ಕೂಡಿ ಬಂದು ನಿಯಮಕ್ಕಿಂತ ದೊಡ್ಡ ರಾಶಿಯಾದರೂ ನಿಯಮಕ್ಕೆ ಭಂಗವಿಲ್ಲ.

ಎರಡನೆಯ ಪ್ರಮಾಣ ಉಚ್ಚಾರಣೆ. ಪರಭಾಷೆಯ ಗಾಯಕರನ್ನು ಮುಂಬಯಿಯಿಂದ ಕರೆಸಿ ‘ಳ’ಕಾರವನ್ನು ‘ಲ’ಕಾರ ಮಾಡಿಸಲಾಗುತ್ತಿದೆ ಎಂಬುದು ಆತನ ದೂರು, ಮತ್ತು ಈ ದೂರಿನಲ್ಲಿ ಹುರುಳಿಲ್ಲದೆ ಇಲ್ಲ, ಕೆಲವು ಹಾಡುಗಳಲ್ಲಿ ‘ಹಳ್ಳಿ’ಯು ಗೋಡೆಯ ಮೇಲಿನ ಜಂತುವಾಗಿ ಹರಿದಾಡಿರುವುದನ್ನು ಎಲ್ಲರೂ ಕೇಳಿದ್ದಾರೆ. ಆದರೆ ಅಚ್ಚಕನ್ನಡದ ದನಿಗಳೆಂದು ವಾದಿ ಕೈಮುಗಿಯುವವರ ಊರುಗಳನ್ನು ನೋಡಿದರೆ, ಪಿ. ಬಿ. ಶ್ರೀನಿವಾಸ್ ಹುಟ್ಟಿದ್ದು ಕಾಕಿನಾಡದಲ್ಲಿ, ಎಸ್. ಜಾನಕಿ ಗುಂಟೂರು ಸೀಮೆಯಲ್ಲಿ, ಪಿ. ಸುಶೀಲಾ ವಿಜಯನಗರಂನಲ್ಲಿ, ಎಸ್. ಪಿ. ಬಾಲಸುಬ್ರಹ್ಮಣ್ಯಂ ನೆಲ್ಲೂರಿನ ಕಡೆಯವರು. ಅವರ ಹಾಡುಗಳು ಧ್ವನಿಮುದ್ರಣವಾದದ್ದು ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳಲ್ಲಿ. ವಾದಿ ‘ಈಗಿನವರು’ ಎಂದು ತಳ್ಳಿಹಾಕುವ ವಿಜಯ್ ಪ್ರಕಾಶ್ ಅವರಾದರೋ ಮೈಸೂರಿನವರು. ಇದನ್ನು ಎತ್ತಿ ಹೇಳಿದಾಗ ವಾದಿ ಕ್ಷಣಕಾಲ ಕಾಫಿಯ ಲೋಟದ ತಳವನ್ನು ನೋಡಿ, ‘ಅವರು ಕನ್ನಡವನ್ನು ಕಲಿತರು ಸ್ವಾಮಿ’ ಎನ್ನುತ್ತಾನೆ. ಈ ಮಾತು ನಿಜ. ಆತ ಆಡುವ ಮಾತುಗಳಲ್ಲಿ ಪ್ರತ್ಯುತ್ತರವಿಲ್ಲದ್ದು ಇದೊಂದೇ, ಆದರೆ ಗೆದ್ದದ್ದು ಗೊತ್ತಾಗದೆ ಆತ ಕೂಡಲೇ ರಾಗಗಳ ಕಡೆಗೆ ಹೊರಳುತ್ತಾನೆ.

ರಾಗಪ್ರಮಾಣ ವಾದಿಯ ಬ್ರಹ್ಮಾಸ್ತ್ರ. 1966ರ ‘ಸಂಧ್ಯಾರಾಗ’ದಲ್ಲಿ ಭೀಮಸೇನ ಜೋಶಿ ಮತ್ತು ಬಾಲಮುರಳಿಕೃಷ್ಣ ಹಾಡಿದರೆಂದೂ, 1992ರ ‘ಜೀವನ ಚೈತ್ರ’ದ ತೋಡಿ ರಾಗದ ಹಾಡಿಗೆ ರಾಜ್‌ಕುಮಾರ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತೆಂದೂ ಹೇಳಿದ ಮೇಲೆ ಸಾಮಾನ್ಯವಾಗಿ ಎದುರಾಳಿ ಶಸ್ತ್ರ ಕೆಳಗಿಡುತ್ತಾನೆ. ತೋಡಿಯನ್ನು ಬೇರೆ ರಾಗಗಳಿಂದ ಗುರುತಿಸುವುದು ಹೇಗೆಂದು ಕೇಳುವ ಅವಿವೇಕಿ ಗುಂಪಿನಲ್ಲಿ ಇದ್ದರೆ, ಅದಕ್ಕೆ ಸಂಸ್ಕಾರ ಬೇಕು ಎಂಬ ಉತ್ತರ ದೊರೆಯುತ್ತದೆ.

ಹೊಸ ಪಕ್ಷದ ವಾದಿ ವಯಸ್ಸಿನಲ್ಲಿ ಕಿರಿಯನಾದರೂ ಹಟದಲ್ಲಿ ಸಮಾನ. ಆತನ ಪ್ರಮಾಣ ರಾಗವಲ್ಲ, ಲೆಕ್ಕ: ಎಷ್ಟು ಕೋಟಿ ವ್ಯೂಸ್, ಎಷ್ಟು ದಿನ ಟ್ರೆಂಡಿಂಗ್. ಹಳೆಯ ಹಾಡುಗಳು ಒಂದೇ ಹದದಲ್ಲಿ ಮೂರು ನಿಮಿಷಕ್ಕೆ ಮುಗಿಯುತ್ತವೆಂದು ಹಂಗಿಸುವ ಆತನಿಗೆ, ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಅಷ್ಟೇ ಹಿಡಿಸುತ್ತಿತ್ತೆಂಬುದು ತಿಳಿಯದು. ಅದೇ ಮೂರು ನಿಮಿಷವನ್ನು ಸಂಯಮವೆಂದು ಹೊಗಳುವ ಹಿರಿಯನಿಗೂ ಅದು ತಿಳಿಯದೆಂಬುದು ಇಬ್ಬರ ನಡುವಿನ ಅಪರೂಪದ ಸಮಾನಾಂಶ. ಈತನ ಪಟ್ಟಿ ವಾರಕ್ಕೊಮ್ಮೆ ಬದಲಾಗುವುದರಿಂದ ಅದರ ಬಗ್ಗೆ ಹೆಚ್ಚು ಬರೆದು ಪ್ರಯೋಜನವಿಲ್ಲ. ಹಿರಿಯನ ಪಟ್ಟಿ ಹಾಗಲ್ಲ: ಮೊದಲ ಸ್ಥಾನ ಧ್ರುವನಕ್ಷತ್ರದಂತೆ ಸ್ಥಿರ, ಎರಡರಿಂದ ಒಂಬತ್ತರವರೆಗೆ ಆಗಾಗ ಸಣ್ಣಪುಟ್ಟ ವರ್ಗಾವಣೆ, ಹತ್ತನೆಯದು ದಾಕ್ಷಿಣ್ಯದ ಸ್ಥಾನ. ಕಾಫಿಗೆ ದುಡ್ಡು ಕೊಟ್ಟವರ ಮೆಚ್ಚಿನ ಹಾಡು ಆ ದಿನದ ಮಟ್ಟಿಗೆ ಅಲ್ಲಿ ಬಂದು ಕೂರುತ್ತದೆ.

2017ರಲ್ಲಿ ಈ ವ್ಯವಸ್ಥೆಗೆ ಒಂದು ವಿಷಮ ಪರೀಕ್ಷೆ ಒದಗಿತು. ಪುನೀತ್ ರಾಜ್‌ಕುಮಾರ್ ನಟಿಸಿದ ‘ರಾಜಕುಮಾರ’ ಚಿತ್ರಕ್ಕೆ ವಿ. ಹರಿಕೃಷ್ಣ ಸಂಗೀತ ನೀಡಿ ವಿಜಯ್ ಪ್ರಕಾಶ್ ಹಾಡಿದ ಬೊಂಬೆಯ ಹಾಡು, ರಾಜ್‌ಕುಮಾರ್ ಅವರ 1971ರ ‘ಕಸ್ತೂರಿ ನಿವಾಸ’ದ ಗೊಂಬೆಯ ಹಾಡನ್ನು ಬೇಕೆಂದೇ ನೆನಪಿಗೆ ತರುವಂಥದ್ದು, ಮಗ ತಂದೆಯ ಗೊಂಬೆಯನ್ನು ಮತ್ತೆ ಕೈಗೆತ್ತಿಕೊಂಡಂಥದ್ದು. ಅದನ್ನು ಕೆಳಗಿಟ್ಟರೆ ಹಳೆಯದಕ್ಕೆ ಅಪಚಾರ, ಮೇಲಿಟ್ಟರೆ ಸಿದ್ಧಾಂತಕ್ಕೆ ಅಪಚಾರ. ಹಿರಿಯ ಅದನ್ನು ಹಳೆಯ ಹಾಡಿನ ಖಾತೆಗೆ ಬಡ್ಡಿಯೆಂದು ಜಮೆ ಮಾಡಿಕೊಂಡ. ಕಿರಿಯ ಹಳೆಯದು ಉಳಿದದ್ದೇ ಹೊಸದರಿಂದ ಎಂದು ಸಾರಿದ. ಅದೇ ಹೊತ್ತಿನಲ್ಲಿ ಒಳಗೆ ಅಡುಗೆಮನೆಯ ಎಫ್‌ಎಂ ರೇಡಿಯೋದಲ್ಲಿ ಒಂದರ ಹಿಂದೆ ಒಂದರಂತೆ ಎರಡೂ ಹಾಡು ಬಂದಾಗ, ಮನೆಯೊಡತಿ ಸಾರಿಗೆ ಒಗ್ಗರಣೆ ಹಾಕುತ್ತಾ ಎರಡನ್ನೂ ಕೊನೆಯವರೆಗೆ ಗುನುಗಿದಳು. ಯಾವುದು ಮೇಲು ಎಂದು ಹೊರಗಿನಿಂದ ಕೂಗಿ ಕೇಳಿದ್ದಕ್ಕೆ, ಸ್ವಲ್ಪ ಸುಮ್ಮನಿದ್ದರೆ ಕೇಳಿ ಹೇಳುತ್ತೇನೆ ಎಂದಳು.

ಮೈಸೂರಿಗೆ ಹೋಗುವ ರೈಲಿನಲ್ಲಿ ಇಂಥ ವಾದಿಯ ಪಕ್ಕದ ಸೀಟು ಸಿಕ್ಕಿದ ಓದುಗರಲ್ಲಿ ಒಂದು ವಿನಂತಿ: ಆತನ ನಿರ್ಣಯಗಳನ್ನು ಖಂಡಿಸುವ ಗೋಜಿಗೆ ಹೋಗಬಾರದು, ಏಕೆಂದರೆ ಖಂಡನೆಯಿಂದ ವಾದ ಶ್ರೀರಂಗಪಟ್ಟಣದವರೆಗೂ ಬೆಳೆಯುತ್ತದೆ. ಬದಲಿಗೆ ರಾಮನಗರ ದಾಟಿದ ಮೇಲೆ, ವಿನಯದಿಂದ, ಪಟ್ಟಿಯ ಮೊದಲನೆಯ ಹಾಡಿನ ಎರಡನೆಯ ಚರಣವನ್ನು ಹೇಳಿಕೊಡುವಂತೆ ಕೇಳಬೇಕು. ಆತ ಕಿಟಕಿಯ ಹೊರಗೆ ನೋಡುತ್ತಾ ಪಲ್ಲವಿಯಿಂದ ಶುರುಮಾಡಿ, ಮೊದಲ ಚರಣವನ್ನು ಎರಡು ಸಲ ಹಾಡಿ, ಮತ್ತೆ ಪಲ್ಲವಿಗೆ ಬರುತ್ತಾನೆ. ಅಷ್ಟರಲ್ಲಿ ಮದ್ದೂರು ಬಂದು ವಡೆ ಮಾರುವವರು ಗಾಡಿ ಹತ್ತಿರುತ್ತಾರೆ. ಆತನಿಗೂ ಒಂದು ಕೊಡಿಸುವುದು.